ದೋಷವು ಗುಣವಾದ ಬಗೆ: ಬ್ಲೂಸ್ ಗಿಟಾರಿನ ನಾದದಲ್ಲಿ ಆಂಪ್ಲಿಫೈಯರಿನ ಸ್ಥಾನ

೧

ಕಾವ್ಯದೋಷಗಳನ್ನು ನಿತ್ಯವೆಂದೂ ಅನಿತ್ಯವೆಂದೂ ಎರಡು ಬಗೆಯಾಗಿ ವಿಂಗಡಿಸುವುದು ಆಲಂಕಾರಿಕರಲ್ಲಿ ಪ್ರಸಿದ್ಧವಾದ ಪದ್ಧತಿ. ಶೃಂಗಾರದಲ್ಲಿ ಹೇಯವೆನಿಸುವ ಶ್ರುತಿಕಟುತ್ವವು ರೌದ್ರದಲ್ಲಿ ದೋಷವಾಗದೆ ಗುಣವೇ ಆಗುವುದರಿಂದ ಅದನ್ನು ಅನಿತ್ಯದೋಷಗಳಲ್ಲಿ ಎಣಿಸುವರು. ಈ ವಿವೇಕವು ಕಾವ್ಯಕ್ಕೆ ಮಾತ್ರವೇ ಸಲ್ಲತಕ್ಕುದೆಂದು ಭಾವಿಸಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಸಂಗೀತಚರಿತ್ರೆಯಲ್ಲಿ ಇದಕ್ಕೆ ಸ್ಪಷ್ಟವಾದ ಉದಾಹರಣೆಯೊಂದು ದೊರೆಯುತ್ತದೆ. ಅಮೆರಿಕಾ ಸಂಯುಕ್ತಸಂಸ್ಥಾನಗಳಲ್ಲಿ ಆಫ್ರಿಕಾ ಮೂಲದ ಜನರು ಬೆಳೆಯಿಸಿದ ಬ್ಲೂಸ್ ಎಂಬ ಸಂಗೀತದಲ್ಲಿ, ವಿದ್ಯುತ್ ಗಿಟಾರಿಗೆ ಒಂದು ಒರಟಾದ, ಗಂಟಲು ಬಿರಿದಂತಿರುವ ನಾದವು ಲಕ್ಷಣವೇ ಆಗಿ ನಿಂತಿದೆ. ಆ ನಾದವು ಮೊದಲಲ್ಲಿ ಯಂತ್ರದ ದೋಷವೆನಿಸಿದ್ದಿತು. ಆಂಪ್ಲಿಫೈಯರ್ ಎಂಬ ಧ್ವನಿವರ್ಧಕ ಯಂತ್ರವನ್ನು ನಿರ್ಮಿಸಿದವರು ಅದನ್ನು ನಿವಾರಿಸಲು ಶ್ರಮಿಸಿದರು. ಯಂತ್ರವನ್ನು ಬಳಸಿದ ವಾದಕರು ಅದನ್ನೇ ಆರಿಸಿಕೊಂಡರು.

ಈ ವಿಷಯದಲ್ಲಿ ಎರಡು ಮತಗಳು ಬಹುಕಾಲದಿಂದ ಪ್ರಚಾರದಲ್ಲಿವೆ. ನಾದವೆಲ್ಲವೂ ವಾದಕನ ಬೆರಳಿನಲ್ಲಿಯೇ ಇರುವುದು, ಯಂತ್ರವು ಅದನ್ನು ದೊಡ್ಡದು ಮಾಡುವುದಷ್ಟೇ ಎಂಬುದು ಒಂದು. ಆ ನಾದವು ಹರಿದ ಸ್ಪೀಕರಿನಿಂದಲೋ ಅಗ್ಗದ ಯಂತ್ರದಿಂದಲೋ ಆಕಸ್ಮಿಕವಾಗಿ ಒದಗಿದುದು, ಅದರಲ್ಲಿ ವಾದಕನ ಕರ್ತೃತ್ವವೇನೂ ಇಲ್ಲ ಎಂಬುದು ಮತ್ತೊಂದು. ಮೊದಲನೆಯದು ಯಂತ್ರಕ್ಕೆ ಸಲ್ಲಬೇಕಾದುದನ್ನು ಮರೆಯುತ್ತದೆ. ಎರಡನೆಯದು ಮನುಷ್ಯನಿಗೆ ಸಲ್ಲಬೇಕಾದುದನ್ನು ಕಸಿಯುತ್ತದೆ. ಧ್ವನಿಮುದ್ರಣಗಳ ಸಾಕ್ಷ್ಯವನ್ನೂ ಯಂತ್ರಗಳ ರಚನೆಯನ್ನೂ ಕೂಡಿಸಿ ನೋಡಿದರೆ, ಆಂಪ್ಲಿಫೈಯರಿನ ಆಯ್ಕೆಯೂ ವಾದನದ ಒಂದು ಅಂಗವೇ ಎಂಬ ಮೂರನೆಯ ನಿರ್ಣಯವು ಯುಕ್ತವೆಂದು ತೋರುವುದು.

ಸಾಕ್ಷ್ಯದ ಪರಿಶೀಲನೆಗೆ ಗ್ರಂಥಸಂಪಾದಕರ ಕ್ರಮವು ಇಲ್ಲಿ ಒದಗಿಬರುತ್ತದೆ. ಒಂದು ಕೃತಿಯ ಹಲವು ಓಲೆಪ್ರತಿಗಳನ್ನು ಎದುರುಬದುರಾಗಿ ಇಟ್ಟು ಪಾಠಾಂತರಗಳನ್ನು ಗುರುತಿಸುವಂತೆ, ಒಂದೇ ಹಾಡನ್ನು ಅಥವಾ ಒಬ್ಬನೇ ವಾದಕನನ್ನು ಬೇರೆ ಬೇರೆ ಯಂತ್ರಗಳ ಮೂಲಕ ಕೇಳಿಸುವ ಮುದ್ರಣಗಳನ್ನು ಜೊತೆಜೊತೆಯಾಗಿ ಇಟ್ಟು ನೋಡಿದಲ್ಲಿ, ಕೈಯ ಪಾಲೆಷ್ಟು ಯಂತ್ರದ ಪಾಲೆಷ್ಟು ಎಂಬುದು ಬಹುಮಟ್ಟಿಗೆ ತಿಳಿದುಬರುವುದು.

೨

ಮಿಸಿಸಿಪಿ ಸಂಸ್ಥಾನದ ವಾಯವ್ಯದಲ್ಲಿ, ಮಿಸಿಸಿಪಿ ಮತ್ತು ಯಾಜೂ ನದಿಗಳ ನಡುವೆ ಹರಡಿರುವ ಹತ್ತಿಯ ನಾಡಿಗೆ ಡೆಲ್ಟಾ ಎಂದು ಹೆಸರು. ಬ್ಲೂಸ್ ಸಂಗೀತದ ಮುಖ್ಯವಾದ ತೌರುಗಳಲ್ಲಿ ಇದೊಂದು. ಇಲ್ಲಿಯ ಗಾಯಕನು ಸಾಮಾನ್ಯವಾಗಿ ಒಂಟಿಯಾಗಿ ಮರದ ಗಿಟಾರನ್ನು ನುಡಿಸುತ್ತ ಹಾಡುತ್ತಿದ್ದನು. ಕುಣಿತದ ಗದ್ದಲದಲ್ಲಿ ಗಿಟಾರು ಕೇಳಿಸುವಂತೆ ಮಾಡುವುದು ಆತನಿಗೆ ಮೊದಲಿಂದಲೂ ಕಷ್ಟವಾಗಿದ್ದಿತು. ೧೯೨೭ರಲ್ಲಿ ನ್ಯಾಷನಲ್ ಕಂಪೆನಿಯವರು ಒಳಗೆ ಲೋಹದ ಶಂಕುಗಳನ್ನಿಟ್ಟು ಮಾಡಿದ ಲೋಹದ ಮೈಯ ಗಿಟಾರುಗಳನ್ನು ಹೊರತಂದಾಗ ಸನ್ ಹೌಸ್, ಬುಕ್ಕಾ ವೈಟ್ ಮೊದಲಾದ ಡೆಲ್ಟಾದ ವಾದಕರು ಅವನ್ನು ಕೈಗೊಂಡುದಕ್ಕೆ ಈ ಗಟ್ಟಿತನವು ಒಂದು ಮುಖ್ಯವಾದ ಕಾರಣ. ವಿದ್ಯುತ್ತಿನ ಗಿಟಾರು ೧೯೩೨ರ ಹೊತ್ತಿಗೆ ಲಾಸ್ ಏಂಜಲೀಸಿನಲ್ಲಿ ಮಾರಾಟಕ್ಕೆ ಬಂದಿತು; ೧೯೩೬ರಲ್ಲಿ ಗಿಬ್ಸನ್ ಕಂಪೆನಿಯವರು ಇ.ಎಸ್. ೧೫೦ ಎಂಬ ಗಿಟಾರನ್ನೂ ಅದಕ್ಕೆ ಜೊತೆಯಾದ ಆಂಪ್ಲಿಫೈಯರನ್ನೂ ಹೊರಡಿಸಿದರು. ಟೆಕ್ಸಾಸಿನ ಟಿ-ಬೋನ್ ವಾಕರನು ೧೯೪೨ರ ಮುದ್ರಣಗಳಲ್ಲಿಯೂ, ೧೯೪೭ರ "ಕಾಲ್ ಇಟ್ ಸ್ಟಾರ್ಮಿ ಮಂಡೇ" ಎಂಬ ಹಾಡಿನಲ್ಲಿಯೂ ಈ ವಾದ್ಯದ ಮೃದುವಾದ, ದುಂಡಾದ ನಾದವನ್ನು ತೋರಿಸಿಕೊಟ್ಟನು.

ಆದರೆ ಯಂತ್ರವಿದ್ದರೆ ಸಾಲದು, ವಿದ್ಯುತ್ತೂ ಬೇಕು. ೧೯೩೫ರ ಸುಮಾರಿಗೆ ಆ ದೇಶದ ಹೊಲಮನೆಗಳಲ್ಲಿ ನೂರಕ್ಕೆ ಹತ್ತರಷ್ಟಕ್ಕೆ ಮಾತ್ರವೇ ವಿದ್ಯುತ್ತು ದೊರೆತಿದ್ದಿತು. ಡೆಲ್ಟಾದ ಬಡ ಗೇಣಿದಾರರ ಗುಡಿಸಲುಗಳ ಮಾತನ್ನು ಹೇಳಬೇಕಾದುದೇ ಇಲ್ಲ. ಆದುದರಿಂದ ವಿದ್ಯುತ್ ಬ್ಲೂಸ್ ಎಂಬುದು ಹಳ್ಳಿಯನ್ನು ಬಿಟ್ಟು ಪಟ್ಟಣಕ್ಕೆ ಹೋದವರ ಸಂಗೀತವಾಗಿ ಬೆಳೆಯಿತು. ಇಲ್ಲಿಯೇ ಮೊದಲನೆಯ ಪಾಠಾಂತರವು ದೊರೆಯುವುದು. ೧೯೪೧ರಲ್ಲಿ ಅಲನ್ ಲೋಮ್ಯಾಕ್ಸ್ ಮತ್ತು ಜಾನ್ ವರ್ಕ್ ಎಂಬ ಸಂಗ್ರಾಹಕರು ಅಮೆರಿಕಾ ಕಾಂಗ್ರೆಸ್ಸಿನ ಪುಸ್ತಕಭಂಡಾರಕ್ಕಾಗಿ ಜನಪದಗೀತಗಳನ್ನು ಮುದ್ರಿಸುತ್ತ ಕ್ಲಾರ್ಕ್ಸ್‌ಡೇಲಿನ ಬಳಿಯ ಸ್ಟೋವಾಲ್ ಜಮೀನಿಗೆ ಬಂದರು. ಅಲ್ಲಿ ಕೂಲಿಯಾಗಿದ್ದ ಮಕಿನ್ಲಿ ಮಾರ್ಗನ್‌ಫೀಲ್ಡ್ ಎಂಬಾತನು "ಐ ಬೀಸ್ ಟ್ರಬಲ್ಡ್" ಎಂಬ ಹಾಡನ್ನು ಸಾಮಾನ್ಯ ಗಿಟಾರಿನೊಡನೆ ಹಾಡಿದನು. ಆತನೇ ಮುಂದೆ ಮಡ್ಡಿ ವಾಟರ್ಸ್ ಎಂಬ ಹೆಸರಿನಿಂದ ಪ್ರಖ್ಯಾತನಾದನು. ೧೯೪೩ರಲ್ಲಿ ಆತನು ಷಿಕಾಗೋ ನಗರವನ್ನು ಸೇರಿ, ಹೋಟಲುಗಳ ಗದ್ದಲಕ್ಕೆ ಎದುರಾಗಿ ನಿಲ್ಲಲು ವಿದ್ಯುತ್ ಗಿಟಾರನ್ನು ಹಿಡಿದನು. ೧೯೪೮ರಲ್ಲಿ ಅದೇ ಹಾಡನ್ನು "ಐ ಕಾಂಟ್ ಬಿ ಸ್ಯಾಟಿಸ್ಫೈಡ್" ಎಂಬ ಹೆಸರಿನಿಂದ ಅರಿಸ್ಟೊಕ್ರಾಟ್ ಕಂಪೆನಿಗೆ ಹಾಡಿಕೊಟ್ಟನು.

ಎರಡರಲ್ಲಿಯೂ ಗಾಯಕನು ಒಬ್ಬನೇ. ಹಾಡಿನ ಧಾಟಿಯೂ ಒಂದೇ. ಗೋಟುವಾದ್ಯದಲ್ಲಿ ಮಾಡುವಂತೆ ತಂತಿಯ ಮೇಲೆ ಕೊಳವೆಯನ್ನು ಜಾರಿಸಿ ನುಡಿಸುವ ಕ್ರಮವೂ ಒಂದೇ. ಆದರೆ ೧೯೪೧ರ ಮುದ್ರಣದಲ್ಲಿ ಜಾರುಸ್ವರವು ಹುಟ್ಟಿದೊಡನೆ ಉಡುಗಿಹೋಗುವುದು. ಗಾಯಕನ ಕಂಠವು ಮುಂದೆ, ಗಿಟಾರು ಹಿಂದೆ. ೧೯೪೮ರ ಮುದ್ರಣದಲ್ಲಿ ಸ್ವರವು ನಿಲ್ಲುವುದು, ಕೊನೆಯಲ್ಲಿ ತುಸು ಗೊಗ್ಗರಾಗುವುದು, ಕಂಠಕ್ಕೆ ಸಮಾನವಾದ ಎರಡನೆಯ ಕಂಠವಾಗಿ ಉತ್ತರ ಕೊಡುವುದು. ಏಳು ವರ್ಷಗಳ ಅನುಭವವೂ ಈ ವ್ಯತ್ಯಾಸಕ್ಕೆ ಕಾರಣವೆಂಬುದನ್ನು ಅಲ್ಲಗಳೆಯಲಾಗದು. ಆದರೂ ಸ್ವರವು ನಿಲ್ಲುವ ಕಾಲವನ್ನು ಅನುಭವವು ಹೆಚ್ಚಿಸಲಾರದು. ಅದು ಯಂತ್ರದ ಕೆಲಸ.

೩

ಯಂತ್ರವು ಈ ಕೆಲಸವನ್ನು ಹೇಗೆ ಮಾಡುವುದೆಂಬುದನ್ನು ಸಂಕ್ಷೇಪವಾಗಿಯಾದರೂ ತಿಳಿಯದೆ ಮುಂದಿನ ಚರಿತ್ರೆಯು ಸ್ಪಷ್ಟವಾಗದು. ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಆಯಸ್ಕಾಂತವನ್ನೂ ಅದರ ಸುತ್ತ ಸುತ್ತಿದ ನವುರಾದ ತಾಮ್ರದ ತಂತಿಯ ಸುರುಳಿಯನ್ನೂ ಒಳಗೊಂಡ ಪಿಕಪ್ ಎಂಬ ಸಾಧನವಿದೆ. ತಂತಿಯು ಅದುರಿದಾಗ ಸುರುಳಿಯಲ್ಲಿ ಅದೇ ಅದುರಿಗೆ ಅನುಗುಣವಾದ ಅತ್ಯಲ್ಪ ವಿದ್ಯುತ್ತು ಹುಟ್ಟುವುದು. ಆಂಪ್ಲಿಫೈಯರಿನ ಮೊದಲ ವಾಲ್ವುಗಳು ಅದನ್ನು ಹಿಗ್ಗಿಸುವುವು. ಕೊನೆಯ ದೊಡ್ಡ ವಾಲ್ವುಗಳು ಅದಕ್ಕೆ ಶಕ್ತಿಯನ್ನು ಕೊಟ್ಟು, ಟ್ರಾನ್ಸ್‌ಫಾರ್ಮರಿನ ಮೂಲಕ ಸ್ಪೀಕರಿನ ಕಾಗದದ ಶಂಕುವನ್ನು ಅಲುಗಿಸುವುವು.

ಪ್ರತಿಯೊಂದು ವಾಲ್ವಿಗೂ ಒಂದು ಮಿತಿಯುಂಟು. ಆ ಮಿತಿಯೊಳಗೆ ಅದು ಒಳಗೆ ಬಂದ ಅಲೆಯನ್ನು ಇದ್ದ ಆಕಾರದಲ್ಲಿಯೇ ಹಿಗ್ಗಿಸುವುದು. ಮಿತಿಯನ್ನು ಮೀರಿದ ಅಲೆಯ ಶಿಖರಗಳು ಕತ್ತರಿಸಿದಂತೆ ಚಪ್ಪಟೆಯಾಗುವುವು. ಚಪ್ಪಟೆಯಾದ ಅಲೆಯಲ್ಲಿ ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಅದುರುಗಳುಳ್ಳ ಮೇಲಿನ ಸ್ವರಗಳು ಹೊಸದಾಗಿ ಸೇರಿಕೊಳ್ಳುವುವು. ಇವು ನಮ್ಮ ಸಂಗೀತಜ್ಞರು ಸ್ವಯಂಭೂಸ್ವರಗಳೆಂದು ಕರೆಯುವ ವರ್ಗಕ್ಕೆ ಸೇರಿದುವು. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಎಳೆಯೊಂದನ್ನು ಸರಿಸಿ ನಾದವನ್ನು ತುಂಬಿಕೊಳ್ಳುವಂತೆ ಮಾಡುವ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಸಾಧನವು ಬೇರೆಯಾದರೂ ಎರಡರಲ್ಲಿಯೂ ಮೇಲಿನ ಸ್ವರಗಳು ಹೆಚ್ಚುವುದರಿಂದಲೇ ನಾದಕ್ಕೆ ಮೈ ಬರುವುದು. ಒಂದಕ್ಕಿಂತ ಹೆಚ್ಚು ಸ್ವರಗಳನ್ನು ಒಟ್ಟಿಗೆ ಮೀಟಿದಾಗ ಮಾತ್ರ ಅವುಗಳ ಪರಸ್ಪರ ಬೆರಕೆಯಿಂದ ವಿವಾದಿಯಾದ ಗೊರಗೊರ ಶಬ್ದವೂ ಹುಟ್ಟುವುದು. ಬ್ಲೂಸ್ ವಾದಕರು ಇಂಥ ಯಂತ್ರಗಳ ಮೇಲೆ ಒಂಟಿ ಸ್ವರಗಳ ಸಂಚಾರವನ್ನು ಹೆಚ್ಚಾಗಿ ಅವಲಂಬಿಸಿದುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಇನ್ನೊಂದು ಪರಿಣಾಮವೂ ಉಂಟು. ಶಿಖರಗಳು ಕತ್ತರಿಸಲ್ಪಟ್ಟುದರಿಂದ ಮೀಟಿದ ಕ್ಷಣದ ಜೋರು ತಗ್ಗುವುದು. ತಂತಿಯ ಅದುರು ಕುಗ್ಗಿದಂತೆಲ್ಲ ಯಂತ್ರವು ಮಿತಿಯ ಹತ್ತಿರವೇ ಇದ್ದು ನಾದವನ್ನು ಸಮವಾಗಿ ಹಿಡಿದು ನಿಲ್ಲಿಸುವುದು. ಮೀಟಿದ ಸ್ವರವು ಊದಿದ ಸ್ವರದಂತಾಗುವುದು. ವಿದ್ಯುತ್ತನ್ನು ಏಕಮುಖವಾಗಿಸುವ ಭಾಗದಲ್ಲಿಯೂ ವಾಲ್ವೇ ಇದ್ದರೆ, ಬಿರುಸಾಗಿ ಮೀಟಿದಾಗ ಅದು ಕ್ಷಣಕಾಲ ಬಳಲಿ ಮತ್ತೆ ಚೇತರಿಸಿಕೊಳ್ಳುವುದರಿಂದ, ಸ್ವರವು ಉಸಿರೆಳೆದುಕೊಂಡು ಏಳುವಂತೆ ತೋರುವುದು. ಗಿಟಾರಿಗಾಗಿ ಮಾಡಿದ ಸ್ಪೀಕರುಗಳು ಸೆಕೆಂಡಿಗೆ ಸುಮಾರು ೫೦೦೦ ಅದುರುಗಳಿಗಿಂತ ಮೇಲಿನ ನಾದವನ್ನು ಹೆಚ್ಚಾಗಿ ಹೊರಡಿಸಲಾರವಾದುದರಿಂದ, ಕಿವಿಯನ್ನು ಇರಿಯುವ ಅಂಶಗಳು ಅಲ್ಲಿಯೇ ಸೋಸಿಹೋಗುವುವು.

ಯಂತ್ರದ ಶಕ್ತಿಯನ್ನು ವಾಟ್ ಎಂಬ ಮಾನದಿಂದ ಅಳೆಯುವರು. ೫ ವಾಟಿನ ಚಿಕ್ಕ ಯಂತ್ರಕ್ಕೂ ೪೦ ವಾಟಿನ ದೊಡ್ಡ ಯಂತ್ರಕ್ಕೂ ಶಕ್ತಿಯಲ್ಲಿ ಎಂಟುಪಾಲು ಅಂತರವಿದ್ದರೂ, ಒಂದೇ ಸ್ಪೀಕರಿನ ಮೂಲಕ ಕೇಳಿದರೆ ಗಟ್ಟಿತನದಲ್ಲಿ ಅದು ಕೇವಲ ೯ ಡೆಸಿಬೆಲ್. ಕಿವಿಗೆ ಸುಮಾರು ಎರಡರಷ್ಟೆಂದು ಮಾತ್ರವೇ ತೋರುವುದು. ಹೀಗಿರುವುದರಿಂದ ವಾದಕನು ಯಂತ್ರವನ್ನು ಆರಿಸುವಾಗ ನಿರ್ಣಯಿಸುವುದು ಬರಿಯ ಗಟ್ಟಿತನವನ್ನಲ್ಲ. ಶುದ್ಧನಾದವು ಎಲ್ಲಿ ಮುಗಿದು ಒರಟುನಾದವು ಎಲ್ಲಿ ಮೊದಲಾಗಬೇಕೆಂಬ ಎಲ್ಲೆಯನ್ನು. ಆ ಎಲ್ಲೆಯ ಮೇಲೆ ನಿಂತಿರುವ ಯಂತ್ರವು ಮೆಲ್ಲನೆ ಮೀಟಿದರೆ ತಿಳಿಯಾಗಿಯೂ, ಬಿರುಸಾಗಿ ಮೀಟಿದರೆ ಕೆರಳಿಯೂ ಉತ್ತರಿಸುವುದು. ಕೈಯೂ ಯಂತ್ರವೂ ಬೇರೆಬೇರೆಯೆಂಬ ವಾದಕ್ಕೆ ಇಲ್ಲಿ ಅವಕಾಶವೇ ಉಳಿಯದು.

೪

ಆಕಸ್ಮಿಕವಾದವನ್ನು ಎತ್ತಿಹಿಡಿಯುವವರು ಮುಖ್ಯವಾಗಿ ೧೯೫೧ರ ಮಾರ್ಚಿಯಲ್ಲಿ ನಡೆದ ಒಂದು ಪ್ರಸಂಗವನ್ನು ಆಧಾರವಾಗಿ ಕೊಡುವರು. ಐಕ್ ಟರ್ನರನ ಮೇಳದವರು ಮಿಸಿಸಿಪಿಯಿಂದ ಮೆಂಫಿಸ್ ನಗರದ ಸ್ಯಾಮ್ ಫಿಲಿಪ್ಸನ ಮುದ್ರಣಶಾಲೆಗೆ ಕಾರಿನಲ್ಲಿ ಹೋಗುತ್ತಿದ್ದಾಗ, ಗಿಟಾರುವಾದಕನಾದ ವಿಲ್ಲಿ ಕಿಜಾರ್ಟನ ಆಂಪ್ಲಿಫೈಯರು ಕೆಟ್ಟಿತು. ಅದು ಕಾರಿನಿಂದ ಬಿದ್ದು ಕೆಟ್ಟಿತೆಂದು ಒಂದು ಹೇಳಿಕೆ, ಮಳೆಯಲ್ಲಿ ನೆನೆದು ಕೆಟ್ಟಿತೆಂದು ಮತ್ತೊಂದು. ಹಾಳಾದ ಸ್ಪೀಕರಿನ ಶಂಕುವಿಗೆ ಕಾಗದವನ್ನು ತುರುಕಿ ನುಡಿಸಿದಾಗ ಸ್ಯಾಕ್ಸೊಫೋನಿನಂಥ ಗೊರಲುನಾದವು ಹೊರಟಿತು. ಹೀಗೆ ಮುದ್ರಿತವಾದ "ರಾಕೆಟ್ ೮೮" ಎಂಬ ಹಾಡು ಬಹುಜನಪ್ರಿಯವಾಯಿತು.

ಈ ಪ್ರಸಂಗದಲ್ಲಿ ಆಕಸ್ಮಿಕವಾದುದು ಯಂತ್ರವು ಕೆಟ್ಟುದೊಂದೇ. ಮುದ್ರಣವನ್ನು ನಿಲ್ಲಿಸಿ ಬೇರೆ ಯಂತ್ರವನ್ನು ತರಿಸಲು ಹೊರಡದೆ ಕೆಟ್ಟ ಯಂತ್ರದ ನಾದವನ್ನೇ ಹಾಡಿನ ಮುಂಭಾಗದಲ್ಲಿ ನಿಲ್ಲಿಸಿದುದು ನಿರ್ಣಯ. ಅದು ವಾದಕನ ಮತ್ತು ಮುದ್ರಕನ ಕಿವಿಯ ಕೆಲಸ. ಇದಕ್ಕಿಂತ ಬಲವಾದ ಸಾಕ್ಷ್ಯವೂ ಉಂಟು. ಅದೇ ವರ್ಷ ಅದೇ ನಗರದಲ್ಲಿ ಹೌಲಿನ್ ವುಲ್ಫ್ ಎಂಬ ಗಾಯಕನು ಹಾಡಿದ "ಹೌ ಮೆನಿ ಮೋರ್ ಇಯರ್ಸ್" ಎಂಬ ಹಾಡಿನಲ್ಲಿ ವಿಲ್ಲಿ ಜಾನ್ಸನನ ಗಿಟಾರು ಅಂಥ ಕೆರಳಿದ ನಾದವನ್ನೇ ಹೊರಡಿಸುವುದು. ಇಲ್ಲಿ ಸ್ಪೀಕರು ಹರಿದ ಕಥೆಯೇನೂ ಇಲ್ಲ. ಯಂತ್ರವನ್ನು ಅದರ ಮಿತಿಯ ಆಚೆಗೆ ನಡಸಿರುವುದೊಂದೇ ಕಾರಣವೆಂದು ತೋರುವುದು. ೧೯೫೩ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಗಿಟಾರ್ ಸ್ಲಿಮ್ ಎಂಬಾತನು "ದಿ ಥಿಂಗ್ಸ್ ದಟ್ ಐ ಯೂಸ್ಡ್ ಟು ಡೂ" ಎಂಬ ಹಾಡನ್ನೂ, ೧೯೫೪ರಲ್ಲಿ ಪ್ಯಾಟ್ ಹೇರ್ ಎಂಬಾತನು ಜೇಮ್ಸ್ ಕಾಟನ್ನನ "ಕಾಟನ್ ಕ್ರಾಪ್ ಬ್ಲೂಸ್" ಎಂಬ ಹಾಡಿನಲ್ಲಿ ಗಿಟಾರನ್ನೂ ಇಂಥ ನಾದದಿಂದಲೇ ನುಡಿಸಿದರು. ಆಕಸ್ಮಿಕವು ಒಮ್ಮೆ ನಡೆಯಬಹುದು. ಮೂರು ವರ್ಷಗಳಲ್ಲಿ ಹಲವು ಕೈಗಳಲ್ಲಿ ಹಲವು ಯಂತ್ರಗಳ ಮೇಲೆ ಅದು ಮರುಕಳಿಸಿದರೆ ಅದನ್ನು ರುಚಿಯೆಂದು ಕರೆಯುವುದೇ ಸರಿ.

ವಾದಕರು ಯಂತ್ರದ ವಿಷಯದಲ್ಲಿ ಅಜ್ಞರಾಗಿದ್ದರೆಂಬ ಭಾವನೆಯೂ ಸಾಧುವಲ್ಲ. ೧೯೫೧ರಲ್ಲಿ "ಡಸ್ಟ್ ಮೈ ಬ್ರೂಮ್" ಎಂಬ ಹಾಡಿನಿಂದ ಹೆಸರಾದ ಎಲ್ಮೋರ್ ಜೇಮ್ಸನು ಮಿಸಿಸಿಪಿಯ ಕ್ಯಾಂಟನ್ ಎಂಬ ಊರಿನಲ್ಲಿ ತನ್ನ ಸಾಕುಸೋದರನ ರೇಡಿಯೋ ರಿಪೇರಿಯ ಅಂಗಡಿಯಲ್ಲಿ ಕೆಲಸ ಮಾಡಿದವನು. ರೇಡಿಯೋ ಮತ್ತು ಆಂಪ್ಲಿಫೈಯರುಗಳ ವಾಲ್ವುಗಳು ಒಂದೇ ಜಾತಿಯವಾದುದರಿಂದ, ಯಾವ ವಾಲ್ವನ್ನು ಎಷ್ಟು ನಡಸಿದರೆ ಏನಾಗುವುದೆಂಬುದನ್ನು ಅರಿಯಲು ಅವನಿಗೆ ಬೇರೆ ಶಾಲೆಯು ಬೇಕಾಗಿರಲಿಲ್ಲ.

ಷಿಕಾಗೋ ನಗರದ ಮ್ಯಾಕ್ಸ್‌ವೆಲ್ ಬೀದಿಯ ಭಾನುವಾರದ ಸಂತೆಯೂ ಇಲ್ಲಿ ಸ್ಮರಣಾರ್ಹವಾಗಿದೆ. ದಕ್ಷಿಣದಿಂದ ಬಂದ ವಾದಕರು ಅಕ್ಕಪಕ್ಕದ ಮನೆಗಳಿಂದ ಉದ್ದವಾದ ತಂತಿಗಳ ಮೂಲಕ ವಿದ್ಯುತ್ತನ್ನು ಎಳೆದುಕೊಂಡು ಬೀದಿಯಲ್ಲಿ ನಿಂತು ನುಡಿಸುತ್ತಿದ್ದರು. ಬಯಲಿನಲ್ಲಿ, ಸಂತೆಯ ಕೂಗಿನ ನಡುವೆ, ಚಿಕ್ಕ ಯಂತ್ರಗಳನ್ನು ಕೊನೆಯವರೆಗೆ ತಿರುಗಿಸದೆ ಗತ್ಯಂತರವಿರಲಿಲ್ಲ. ಅಲ್ಲಿ ಅಗತ್ಯವಾಗಿ ಬಂದ ನಾದವು ಕೇಳಿಕೇಳಿ ರೂಢಿಯಾಗಿ, ರೂಢಿಯಿಂದ ಅಪೇಕ್ಷಿತವಾಗಿರಬೇಕೆಂದು ಊಹಿಸಬಹುದು.

೫

ಇದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ಲಿಯೋ ಫೆಂಡರನು ಆಂಪ್ಲಿಫೈಯರುಗಳನ್ನು ನಿರ್ಮಿಸುತ್ತಿದ್ದನು. ಆತನೂ ರೇಡಿಯೋ ರಿಪೇರಿಯಿಂದಲೇ ಮೇಲೆ ಬಂದವನು. ಗಿಟಾರನ್ನು ನುಡಿಸಲು ಬಲ್ಲವನಲ್ಲ. ನಾದವು ಗಟ್ಟಿಯಾಗಿಯೂ ಶುದ್ಧವಾಗಿಯೂ ಹೊರಡಬೇಕೆಂಬುದೇ ಆತನ ಗುರಿ. ೧೯೫೧ರಲ್ಲಿ ತಾನು ಹೊರತಂದ ವಿದ್ಯುತ್ ಬೇಸ್ ಗಿಟಾರಿಗೆ ಜೊತೆಯಾಗಿ ೧೯೫೨ರಲ್ಲಿ ಬೇಸ್‌ಮನ್ ಎಂಬ ಯಂತ್ರವನ್ನು ಆತನು ಮಾಡಿದನು. ಮೊದಲಲ್ಲಿ ಅದರಲ್ಲಿ ಹದಿನೈದು ಅಂಗುಲದ ಒಂದೇ ಸ್ಪೀಕರಿದ್ದಿತು. ಆ ದಶಕದ ನಡುವಿನಲ್ಲಿ ಹತ್ತು ಅಂಗುಲದ ನಾಲ್ಕು ಸ್ಪೀಕರುಗಳನ್ನು ಅಳವಡಿಸಲಾಯಿತು. ದಶಕದ ಕೊನೆಯ ಹೊತ್ತಿಗೆ ಅದರ ಶಕ್ತಿಯು ೪೦ ವಾಟುಗಳನ್ನು ಮುಟ್ಟಿದ್ದಿತು. ಚಿಕ್ಕ ಶಂಕುಗಳು ಬೇಗನೆ ಚಲಿಸುವುದರಿಂದ ಮೀಟಿನ ಮೊನೆಯು ಮೊಂಡಾಗದು. ನಾಲ್ಕು ಒಟ್ಟಿಗೆ ಇರುವುದರಿಂದ ನಾದಕ್ಕೆ ಅಗಲವೂ ಬರುವುದು. ಪೆಟ್ಟಿಗೆಯ ಬೆನ್ನು ತೆರೆದಿರುವುದರಿಂದ ಅದು ಕೋಣೆಯೆಲ್ಲ ಹರಡುವುದು.

ಬೇಸ್ ಗಿಟಾರಿಗಾಗಿ ಮಾಡಿದ ಈ ಯಂತ್ರವನ್ನು ಬ್ಲೂಸ್ ಗಿಟಾರುವಾದಕರು ತಮ್ಮದಾಗಿಸಿಕೊಂಡರು. ೧೯೩೬ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿ ೧೯೫೭ರಲ್ಲಿ ಷಿಕಾಗೋ ಸೇರಿದ ಬಡ್ಡಿ ಗೈ ಎಂಬಾತನು ಫೆಂಡರನ ಸ್ಟ್ರಾಟೊಕ್ಯಾಸ್ಟರ್ ಗಿಟಾರನ್ನು ಬೇಸ್‌ಮನ್ ಯಂತ್ರಕ್ಕೆ ಜೋಡಿಸಿ, ಗಟ್ಟಿಯಾಗಿ ತಿರುಗಿಸಿ ನುಡಿಸಿದನು. ಸ್ಪೀಕರಿನ ನಾದವು ಮತ್ತೆ ತಂತಿಯನ್ನು ಅದುರಿಸಿ ಸ್ವರವು ತಾನೇತಾನಾಗಿ ಕೂಗತೊಡಗುವುದನ್ನೂ ಆತನು ಸಭೆಯಲ್ಲಿ ಬಳಸಿಕೊಂಡನು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ನಿರ್ಮಾತೃವಿನ ಉದ್ದೇಶಕ್ಕೂ ವಾದಕನ ಬಳಕೆಗೂ ಎರಡು ಕಡೆಯಲ್ಲಿ ವಿರೋಧವಿದೆ: ಯಂತ್ರವು ಬೇರೆ ವಾದ್ಯಕ್ಕಾಗಿ ಮಾಡಲ್ಪಟ್ಟುದು, ಶುದ್ಧನಾದಕ್ಕಾಗಿ ಮಾಡಲ್ಪಟ್ಟುದು. ಎರಡನ್ನೂ ವಾದಕನು ಮೀರಿದನು.

ಆದರೆ ಮುದ್ರಣಶಾಲೆಯು ಸಭೆಯಂತಿರಲಿಲ್ಲ. ಚೆಸ್ ಕಂಪೆನಿಗಾಗಿ ಹಾಡುತ್ತಿದ್ದ ಕಾಲದಲ್ಲಿ ತನ್ನ ಈ ಗಟ್ಟಿಯಾದ ವಾದನವನ್ನು ಕಂಪೆನಿಯ ಒಡೆಯನಾದ ಲೆನರ್ಡ್ ಚೆಸ್ಸನು ಬರಿಯ ಗದ್ದಲವೆಂದು ತಳ್ಳಿಹಾಕಿದನೆಂದೂ, ಇಂಗ್ಲೆಂಡಿನ ವಾದಕರ ಅಂಥ ಮುದ್ರಣಗಳು ಹೇರಳವಾಗಿ ಮಾರಾಟವಾದ ಮೇಲೆ ತಾನು ತಪ್ಪಿದೆನೆಂದು ಒಪ್ಪಿಕೊಂಡನೆಂದೂ ಗೈ ತಾನೇ ಹೇಳಿದ್ದಾನೆ. ಇದರಿಂದ ಆತನ ಆ ಕಾಲದ ಮುದ್ರಣಗಳನ್ನು ಆತನ ನಾದಕ್ಕೆ ಪೂರ್ಣಪ್ರಮಾಣವಾಗಿ ಗ್ರಹಿಸಲಾಗದೆಂಬುದು ಸ್ಪಷ್ಟ. ಲಿಪಿಕಾರನು ತಿದ್ದಿದ ಪ್ರತಿಯಿಂದ ಕವಿಯ ಶೈಲಿಯನ್ನು ನಿರ್ಣಯಿಸುವಾಗ ವಹಿಸಬೇಕಾದ ಎಚ್ಚರವೇ ಇಲ್ಲಿಯೂ ಬೇಕು.

೧೯೬೫ರಲ್ಲಿ ಡೆಲ್ಮಾರ್ಕ್ ಕಂಪೆನಿಗಾಗಿ ಜೂನಿಯರ್ ವೆಲ್ಸನೊಡನೆ "ಹೂಡೂ ಮ್ಯಾನ್ ಬ್ಲೂಸ್" ಎಂಬ ಸಂಪುಟವನ್ನು ಮುದ್ರಿಸುವಾಗ ಒದಗಿದ ಸಂದರ್ಭವು ಎರಡನೆಯ ಪಾಠಾಂತರವನ್ನು ಕೊಡುತ್ತದೆ. ಗೈಯ ಆಂಪ್ಲಿಫೈಯರು ನಡುವೆ ಕೆಟ್ಟಿತು. ಅದನ್ನು ಸರಿಪಡಿಸುವವರೆಗೆ ಆತನ ಗಿಟಾರನ್ನು ಹ್ಯಾಮಂಡ್ ಆರ್ಗನ್ನಿನ ಲೆಸ್ಲಿ ಸ್ಪೀಕರಿಗೆ ಜೋಡಿಸಿದರು. ಲೆಸ್ಲಿಯಲ್ಲಿ ನಾದವನ್ನು ಹೊರಬಿಡುವ ಭಾಗವೇ ಸುತ್ತುತ್ತಿರುವುದರಿಂದ ಸ್ವರವು ಅಲೆಅಲೆಯಾಗಿ ತೂಗುವುದು. ಒಂದೇ ಸಂಪುಟದಲ್ಲಿ, ಒಂದೇ ಮೇಳದಲ್ಲಿ, ಒಂದೇ ಕೈಯಿಂದ ಎರಡು ನಾದಗಳು ಹೀಗೆ ಉಳಿದುಬಂದಿವೆ. ಸ್ವರಗಳನ್ನು ಆರಿಸುವ ರೀತಿ, ಬಿಡುವು ಕೊಡುವ ರೀತಿ, ತಂತಿಯನ್ನು ಎಳೆದು ಸ್ವರವನ್ನೇರಿಸುವ ರೀತಿ ಎರಡರಲ್ಲಿಯೂ ಗೈಯದೇ; ಸ್ವರದ ಮೈಮಾತ್ರ ಬೇರೆ. ಕೈಗೆ ಸೇರಿದುದು ಯಾವುದು, ಯಂತ್ರಕ್ಕೆ ಸೇರಿದುದು ಯಾವುದು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಸಾಕ್ಷ್ಯವು ದುರ್ಲಭ.

೬

ಚೆಸ್ಸನ ಮನಸ್ಸನ್ನು ಬದಲಾಯಿಸಿದ ಇಂಗ್ಲೆಂಡಿನ ನಾದದ ಮೂಲವು ಅಮೆರಿಕಾದ್ದೇ. ೧೯೫೮ರಲ್ಲಿ ಮಡ್ಡಿ ವಾಟರ್ಸನು ಇಂಗ್ಲೆಂಡಿನಲ್ಲಿ ಸಂಚಾರಮಾಡಿದಾಗ, ಮರದ ಗಿಟಾರಿನ ಜನಪದಗೀತವನ್ನು ನಿರೀಕ್ಷಿಸಿ ಬಂದಿದ್ದ ಕೆಲವರು ಆತನ ವಿದ್ಯುತ್ ಗಿಟಾರಿನ ಗಟ್ಟಿತನಕ್ಕೆ ಬೆಚ್ಚಿದರು. ಕೆಲವೇ ವರ್ಷಗಳಲ್ಲಿ ಅಲ್ಲಿಯ ತರುಣರಿಗೆ ಅದೇ ನಾದವು ಬೇಕಾಯಿತು. ಲಂಡನ್ನಿನ ಪಶ್ಚಿಮಭಾಗದ ಹ್ಯಾನ್‌ವೆಲ್ಲಿನಲ್ಲಿ ವಾದ್ಯಗಳ ಅಂಗಡಿಯಿಟ್ಟಿದ್ದ ಜಿಮ್ ಮಾರ್ಷಲನು, ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಎಂಬವರೊಡನೆ ಸೇರಿ, ೧೯೬೨–೬೩ರಲ್ಲಿ ಬೇಸ್‌ಮನ್ ಯಂತ್ರವನ್ನೇ ಮಾದರಿಯಾಗಿ ಇಟ್ಟುಕೊಂಡು ಜೆ.ಟಿ.ಎಂ. ೪೫ ಎಂಬುದನ್ನು ನಿರ್ಮಿಸಿದನು. ರಚನೆಯು ಬಹುಮಟ್ಟಿಗೆ ಒಂದೇ ಆದರೂ ಮೊದಲ ವಾಲ್ವು ಹೆಚ್ಚು ಹಿಗ್ಗಿಸುವ ಜಾತಿಯದು. ಕೊನೆಯ ವಾಲ್ವುಗಳು ಬೇರೆ. ಸ್ಪೀಕರುಗಳು ಇಂಗ್ಲೆಂಡಿನ ಸೆಲೆಶ್ಚನ್ ಕಂಪೆನಿಯ ಹನ್ನೆರಡು ಅಂಗುಲದವು. ಇದರ ಫಲವಾಗಿ ಒರಟುನಾದವು ಬೇಗನೆ ಮೊದಲಾಗುವುದೂ, ನಡುಸ್ಥಾಯಿಯು ದಪ್ಪವಾಗುವುದೂ ಉಂಟಾಯಿತು.

೧೯೬೬ರಲ್ಲಿ ಎರಿಕ್ ಕ್ಲ್ಯಾಪ್ಟನ್ನನು ಜಾನ್ ಮೇಯಾಲನ ಮೇಳದೊಡನೆ "ಬ್ಲೂಸ್ ಬ್ರೇಕರ್ಸ್" ಸಂಪುಟವನ್ನು ಮುದ್ರಿಸುವಾಗ, ಎರಡು ಸ್ಪೀಕರುಗಳ ಮಾರ್ಷಲ್ ಯಂತ್ರಕ್ಕೆ ಗಿಬ್ಸನ್ ಲೆಸ್ ಪಾಲ್ಗಿಟಾರನ್ನು ಜೋಡಿಸಿ, ಸಭೆಯಲ್ಲಿ ನುಡಿಸುವಷ್ಟೇ ಗಟ್ಟಿಯಾಗಿ ನುಡಿಸುವೆನೆಂದು ಹಟಹಿಡಿದನು. ಮುದ್ರಣಶಾಲೆಯ ತಂತ್ರಜ್ಞರಿಗೆ ಇದು ಪದ್ಧತಿಗೆ ವಿರುದ್ಧವಾಗಿ ತೋರಿತು. ಕೊನೆಗೆ ಆತನ ಇಚ್ಛೆಯೇ ನಡೆಯಿತು. ಈ ಸಂಪುಟದಲ್ಲಿರುವ "ಹೈಡ್‌ಅವೇ" ಎಂಬುದು ಟೆಕ್ಸಾಸಿನವನಾಗಿ ಷಿಕಾಗೋದಲ್ಲಿ ಬೆಳೆದ ಫ್ರೆಡ್ಡಿ ಕಿಂಗನು ೧೯೬೦ರಲ್ಲಿ ಮುದ್ರಿಸಿದ ವಾದ್ಯಕೃತಿ. ಇದೇ ಮೂರನೆಯ ಪಾಠಾಂತರ. ಕಿಂಗನ ಮುದ್ರಣದಲ್ಲಿ ಪ್ರತಿಯೊಂದು ಸ್ವರಕ್ಕೂ ಚೂಪಾದ ಮೊದಲೂ ಬೇಗನೆ ಬರುವ ಕೊನೆಯೂ ಇವೆ. ಸ್ವರಗಳ ನಡುವಣ ಮೌನವು ತಾಳವನ್ನು ಕುಣಿಸುವುದು. ಕ್ಲ್ಯಾಪ್ಟನ್ನನ ಮುದ್ರಣದಲ್ಲಿ ಸ್ವರವು ದಪ್ಪವಾಗಿ ನಿಂತು ಮುಂದಿನ ಸ್ವರವನ್ನು ಮುಟ್ಟುವುದು. ಕುಣಿತವು ತಗ್ಗಿ ಆವೇಶವು ಹೆಚ್ಚುವುದು. ಇಲ್ಲಿ ಕೈಯೂ ಗಿಟಾರೂ ಬದಲಾಗಿರುವುದರಿಂದ ವ್ಯತ್ಯಾಸವನ್ನೆಲ್ಲ ಯಂತ್ರಕ್ಕೆ ಆರೋಪಿಸುವುದು ಸಲ್ಲದು. ಆದರೂ ಸ್ವರದ ಉದ್ದವು ಬದಲಾದರೆ ಕೃತಿಯ ನಡೆಯೇ ಬದಲಾಗುವುದೆಂಬುದು ಇದರಿಂದ ವ್ಯಕ್ತವಾಗುತ್ತದೆ.

೭

ಇಷ್ಟರಿಂದ ಒರಟುನಾದವೇ ಬ್ಲೂಸಿನ ಸರ್ವಸ್ವವೆಂದು ತೀರ್ಮಾನಿಸಿದರೆ ಅದು ಇನ್ನೊಂದು ಬಗೆಯ ತಪ್ಪಾಗುವುದು. ಅದಕ್ಕೆ ಪ್ರಬಲವಾದ ಪ್ರತ್ಯುದಾಹರಣೆಯೆಂದರೆ ಬಿ. ಬಿ. ಕಿಂಗ್. ೧೯೨೫ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿ ೨೦೧೫ರಲ್ಲಿ ತೀರಿಕೊಂಡ ಈತನು ಬುಕ್ಕಾ ವೈಟನ ಹತ್ತಿರದ ಬಂಧು. ವೈಟನಂತೆ ಕೊಳವೆಯನ್ನು ಜಾರಿಸಿ ನುಡಿಸಲಾರದೆ, ಆ ಕಂಪಿತವನ್ನು ಎಡಗೈಯ ಬೆರಳನ್ನು ಅದುರಿಸಿಯೇ ಸಾಧಿಸಿದೆನೆಂದು ಆತನು ಹೇಳಿಕೊಂಡಿದ್ದಾನೆ. ೧೯೬೪ರ ನವೆಂಬರಿನಲ್ಲಿ ಷಿಕಾಗೋದ ರೀಗಲ್ ನಾಟಕಶಾಲೆಯಲ್ಲಿ ಮುದ್ರಿಸಿದ ಕಛೇರಿಯಲ್ಲಿ ಆತನ ನಾದವು ಬಹುಮಟ್ಟಿಗೆ ತಿಳಿಯಾಗಿದ್ದು, ಬಿರುಸಾಗಿ ಮೀಟಿದೆಡೆಯಲ್ಲಿ ಮಾತ್ರ ಅಂಚು ಕೆರಳುವುದು. ಫೆಂಡರನ ಟ್ವಿನ್ ಯಂತ್ರವನ್ನು ಆತನು ಬಹುಕಾಲ ಬಳಸಿದನು. ೧೯೬೩ರ ಟ್ವಿನ್ ರಿವರ್ಬ್ ಯಂತ್ರಕ್ಕೆ ಸುಮಾರು ೮೫ ವಾಟುಗಳ ಶಕ್ತಿಯುಂಟು. ಅದು ಅಷ್ಟು ಸುಲಭವಾಗಿ ಮಿತಿಯನ್ನು ಮೀರದು. ೧೯೭೦ರ ದಶಕದ ಕೊನೆಯಿಂದ ಆತನು ವಾಲ್ವುಗಳೇ ಇಲ್ಲದ, ಟ್ರಾನ್ಸಿಸ್ಟರುಗಳ ಲ್ಯಾಬ್ ಸೀರೀಸ್ ಎಲ್. ೫ ಯಂತ್ರವನ್ನು ಮೆಚ್ಚಿ ಹಿಡಿದನು. ಆಲ್ಬರ್ಟ್ ಕಿಂಗನೂ ೧೯೭೦ರ ದಶಕದಲ್ಲಿ ಟ್ರಾನ್ಸಿಸ್ಟರ್ ಯಂತ್ರಗಳನ್ನು ಬಳಸಿದವನೇ. ವಾಲ್ವಿಲ್ಲದೆ ಬ್ಲೂಸ್ ನಾದವಿಲ್ಲವೆಂಬ ವಾದವು ಈ ಇಬ್ಬರ ಮುಂದೆ ನಿಲ್ಲಲಾರದು.

ಹಾಗಾದರೆ ಯಂತ್ರವು ಗೌಣವೇ? ಅಲ್ಲ. ಬಿ. ಬಿ. ಕಿಂಗನ ವಾದನದ ಸಾರವು ಎಡಗೈಯ ಸೂಕ್ಷ್ಮಕಂಪಿತದಲ್ಲಿಯೂ, ಒಂದು ಸ್ವರವನ್ನು ಹಾಡಿನ ಮಾತಿನಂತೆ ಏರಿಳಿಸುವುದರಲ್ಲಿಯೂ ಇದೆ. ಮೇಲಿನ ಸ್ವರಗಳಿಂದ ತುಂಬಿ ಸಮತಟ್ಟಾದ ನಾದದಲ್ಲಿ ಮೆಲ್ಲನೆ ಮೀಟಿದುದಕ್ಕೂ ಬಿರುಸಾಗಿ ಮೀಟಿದುದಕ್ಕೂ ಅಂತರವು ಕುಗ್ಗಿ ಇಂಥ ಏರಿಳಿತಗಳು ಮುಚ್ಚಿಹೋಗುವುವು. ತಿಳಿಯಾದ ಯಂತ್ರವು ಆತನಿಗೆ ಅವಶ್ಯವಾಗಿದ್ದಿತು. ಅದನ್ನು ಆತನು ಅರಿತೇ ಆರಿಸಿಕೊಂಡನು. ಗೈಗೆ ಕೆರಳುವ ಯಂತ್ರವು ಹೇಗೋ ಈತನಿಗೆ ಕೆರಳದ ಯಂತ್ರವು ಹಾಗೆ. ಒಂದು ರಸಕ್ಕೆ ದೋಷವಾದುದು ಮತ್ತೊಂದಕ್ಕೆ ಗುಣವೆಂಬ ನಿಯಮದ ಎರಡು ಮುಖಗಳನ್ನು ಇವರಿಬ್ಬರಲ್ಲಿ ಕಾಣಬಹುದು.

೮

ಈ ಚರ್ಚೆಯು ಬರಿಯ ಯಂತ್ರವಿಚಾರವಾಗಿ ಮುಗಿಯತಕ್ಕುದಲ್ಲ. "ರಾಕೆಟ್ ೮೮" ಹಾಡಿನ ತಟ್ಟೆಯ ಮೇಲೆ ಗಾಯಕನಾದ ಜಾಕಿ ಬ್ರೆನ್ಸ್ಟನ್ನನ ಹೆಸರಿದೆ. ಗಿಟಾರುವಾದಕನಾದ ಕಿಜಾರ್ಟನ ಹೆಸರಿಲ್ಲ. ಹೌಲಿನ್ ವುಲ್ಫನ ತಟ್ಟೆಯಲ್ಲಿ ಜಾನ್ಸನನೂ ಕಾಟನ್ನನ ತಟ್ಟೆಯಲ್ಲಿ ಹೇರನೂ ಹಾಗೆಯೇ ಮರೆಯಲ್ಲಿದ್ದಾರೆ. ಹೆಸರಿಲ್ಲದವರ ಕೆಲಸವನ್ನು ಆಕಸ್ಮಿಕವೆಂದು ಕರೆಯುವುದು ಸುಲಭ. ಅದೇ ನಾದವು ಹದಿನೈದು ವರ್ಷಗಳ ತರುವಾಯ ಲಂಡನ್ನಿನಲ್ಲಿ ಹೊರಟಾಗ, ಹಟಹಿಡಿದು ಅದನ್ನು ಸಾಧಿಸಿದ ವಾದಕನ ಪ್ರತಿಭೆಯೆಂದು ಅದು ಪ್ರಶಂಸಿಸಲ್ಪಟ್ಟಿತು. ಕ್ಲ್ಯಾಪ್ಟನ್ನನಿಗೆ ಸಲ್ಲುವ ಪ್ರಶಂಸೆಯನ್ನು ಕಡಮೆ ಮಾಡಬೇಕಾದುದಿಲ್ಲ. ಆತನಲ್ಲಿ ಯಾವುದನ್ನು ಆಯ್ಕೆಯೆಂದು ಒಪ್ಪುವರೋ ಅದನ್ನೇ ಮೆಂಫಿಸ್ಸಿನ ಮತ್ತು ಷಿಕಾಗೋದ ಬಡವಾದಕರಲ್ಲಿಯೂ ಆಯ್ಕೆಯೆಂದೇ ಒಪ್ಪಬೇಕಾದುದು ನ್ಯಾಯ. ಅವರ ಮುಂದೆ ಇದ್ದ ಯಂತ್ರಗಳು ಕೆಲವೇ ಆಗಿದ್ದಿರಬಹುದು. ಇದ್ದುದರಲ್ಲಿ ಯಾವ ನಾದವನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕೆಂದು ತೀರ್ಮಾನಿಸಿದವರು ಅವರೇ.

೧೯೯೦ರಲ್ಲಿ ಫೆಂಡರ್ ಕಂಪೆನಿಯವರು ೧೯೫೯ರ ಬೇಸ್‌ಮನ್ ಯಂತ್ರವನ್ನು ಮತ್ತೆ ನಿರ್ಮಿಸಿ ಮಾರಾಟಕ್ಕೆ ತಂದರು. ಅದನ್ನು ಕೊಂಡವರಲ್ಲಿ ಗಿಟಾರುವಾದಕರು ಬಹುಮಂದಿ. ಬೇಸ್ ಗಿಟಾರಿಗೆಂದು ಮಾಡಿದ ಯಂತ್ರವು ಹಿಂದಿರುಗಿ ಬಂದುದು, ಅದನ್ನು ಬೇರೆಯ ಕೆಲಸಕ್ಕೆ ತೆಗೆದುಕೊಂಡವರ ಯಂತ್ರವಾಗಿ. ನಿರ್ಮಾತೃವು ತೊಡೆದುಹಾಕಲು ಬಯಸಿದ ಒರಟುತನವು ಆ ಯಂತ್ರದ ಬೆಲೆಗೆ ಕಾರಣವಾಯಿತು. ಅದನ್ನು ಗುಣವೆಂದು ಮೊದಲು ಕೇಳಿದ ಕಿವಿಗಳು ಕಿಜಾರ್ಟ್, ಜಾನ್ಸನ್, ಹೇರ್ ಮೊದಲಾದವರವು.